ನಲವತ್ತು ಹೆಜ್ಜೆ ದೂರದ ಅಂಚೆ

ಶಿರಂಗಾಲ
1 ಜುಲೈ 2024

ಶ್ರೀ ಚಿದಾನಂದ ಅವರಿಗೆ,

ಈ ಕಾಗದ ಅವ್ವನ ನಾಯಿ ಕಾಳಿಯ ವಿಷಯಕ್ಕೆ ಮಾತ್ರ. ಬೇರೆ ಯಾವ ಅರ್ಥವನ್ನೂ ಇದರಲ್ಲಿ ಹುಡುಕಬೇಡಿ.

ಎರಡು ವರ್ಷದ ಹಿಂದೆ ಅವ್ವನ ಸಮಾಧಿಯ ಮುಂದೆ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ನಾನು ಮಾಡಿದ ಆಣೆ ನಿಮಗೆ ನೆನಪಿರಬೇಕು. ಒಡಹುಟ್ಟಿದವರಾದರೂ ನಿಮ್ಮೊಡನೆ ಮಾತಿಲ್ಲ, ನಿಮ್ಮ ಹೊಸಿಲು ತುಳಿಯುವುದಿಲ್ಲ, ಕೈಯಿಂದ ಕೈಗೆ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದೆ. ನೀವೂ ಇನ್ನೊಂದು ಕರ್ಪೂರ ಹಚ್ಚಿ ಅದನ್ನೇ ಹೇಳಿದಿರಿ. ಅಂಚೆಯ ಮಾತು ಅದರಲ್ಲಿ ಬರಲಿಲ್ಲ. ಮೂವತ್ತೊಂದು ವರ್ಷ ಈ ಊರಿನ ಪೋಸ್ಟ್ ಮಾಸ್ಟರಾಗಿ ಕಾಗದಗಳಿಗೆ ಮುದ್ರೆ ಒತ್ತಿದವಳು ನಾನು, ಅಷ್ಟು ಕಾನೂನು ನನಗೂ ಗೊತ್ತು. ನಿಮ್ಮ ಮನೆ ನನ್ನ ಮನೆಯಿಂದ ನಲವತ್ತು ಹೆಜ್ಜೆ, ನಡುವೆ ದಾಸವಾಳದ ಬೇಲಿ. ಆದರೂ ಇದಕ್ಕೆ ಸ್ಟಾಂಪ್ ಹಚ್ಚಿ ಡಬ್ಬಿಗೇ ಹಾಕುತ್ತೇನೆ. ಚೀಲದೊಡನೆ ಕುಶಾಲನಗರಕ್ಕೆ ಹೋಗಿ, ಬೇಕಾದರೆ ಮೈಸೂರನ್ನೂ ನೋಡಿಕೊಂಡು, ಮೂರು ನಾಲ್ಕು ದಿನಕ್ಕೆ ನಿಮ್ಮ ಬಾಗಿಲಿಗೆ ಬರಲಿ.

ವಿಷಯ ಇಷ್ಟು. ಎಂಟು ದಿನದಿಂದ ಕಾಳಿ ನನ್ನಲ್ಲಿ ಊಟ ಮುಟ್ಟುತ್ತಿಲ್ಲ. ಬೆಳಗಿನ ಊಟ ನಿಮ್ಮಲ್ಲಿ, ಸಂಜೆಯದು ನನ್ನಲ್ಲಿ ಎಂದು ಆಕೆಯೇ ಮಾಡಿಕೊಂಡ ಏರ್ಪಾಟು ನಿಮಗೂ ಗೊತ್ತು. ಬೇಲಿಯ ಕಿಂಡಿಯಲ್ಲಿ ನುಸುಳಿ ಬರುತ್ತಾಳೆ, ತಟ್ಟೆ ಮೂಸುತ್ತಾಳೆ, ಬಕೆಟ್ಟಿನ ನೀರನ್ನು ಮಾತ್ರ ಬುಡ ಕಾಣುವ ತನಕ ಕುಡಿಯುತ್ತಾಳೆ. ನಿನ್ನೆ ಎರಡು ಸಲ ವಾಂತಿ ಮಾಡಿದಳು. ನಿಮ್ಮಲ್ಲಿ ತಿನ್ನುತ್ತಿದ್ದಾಳೆಯೇ, ತಿಂದರೆ ಏನನ್ನು, ಎಂದು ತಿಳಿಸಿ. ನೀವೂ ನಿಮ್ಮ ಹೆಂಡತಿ ಶರ್ಮಿಳಾ ಅವರೂ ಆಕೆಗೆ ಮೊಟ್ಟೆ ಹಾಕುತ್ತೀರಿ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಅವ್ವನ ಕಾಲದಲ್ಲಿ ಅದು ಮುದ್ದೆ ಮಜ್ಜಿಗೆಯಲ್ಲಿ ಬೆಳೆದ ನಾಯಿ.

ಉತ್ತರವನ್ನು ಅಂಚೆಯಲ್ಲೇ ಕಳುಹಿಸಿ. ಬೇಲಿಯ ಮೇಲಿಂದ ಎಸೆಯುವುದು, ನಾಯಿಯ ಕುತ್ತಿಗೆಗೆ ಕಟ್ಟುವುದು ಬೇಡ.

ಇಂತಿ,
ಸುಲೋಚನಮ್ಮ


ಶಿರಂಗಾಲ
5 ಜುಲೈ 2024

ಅಕ್ಕ,

ನಿನ್ನ ಹಾಗೆ 'ನೀವು' ಎಂದು ಬರೆಯಲು ನನಗೆ ಬರುವುದಿಲ್ಲ. ಐವತ್ತೆಂಟು ವರ್ಷ ನೀನು ಎಂದವನು ಈಗ ಕಲಿಯಲಾರೆ. ಬೇಸರವಾದರೆ ಕಾಗದವನ್ನು ಒಲೆಗೆ ಹಾಕು, ಆದರೆ ಓದಿ ಹಾಕು.

ಕಾಗದ ನಿನ್ನೆ ಬಂತು. ಪೋಸ್ಟಿನ ರೇವಣ್ಣ ಕೊಡುವಾಗ ನಗು ತಡೆದುಕೊಂಡು ನಿಂತಿದ್ದ. "ಅಲ್ಲ ಚಿದಾನಂದಣ್ಣ, ಬೇಲಿ ಮ್ಯಾಲೆ ಒಂದ್ ಕೂಗು ಹಾಕದ್ ಬುಟ್ಟು ನಿಮ್ಮಕ್ಕ ಸ್ಟಾಂಪ್ ಯಾಕ್ ದಂಡ ಮಾಡ್ತರೆ" ಎಂದ. ಒಳಗಿನದನ್ನು ಓದಿದ ಮೇಲೆ ನನಗೆ ನಗು ಬರಲಿಲ್ಲ.

ಅಕ್ಕ, ನೀನು ಬರೆದ ಆ ಎಂಟು ದಿನ ಕಾಳಿ ನಮ್ಮಲ್ಲೂ ತಿಂದಿಲ್ಲ. ನಿನ್ನಲ್ಲಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಾಳೆ ಎಂದುಕೊಂಡು ನಾನು ಸುಮ್ಮನಿದ್ದೆ. "ಅತ್ತಿಗೆ ಏನೋ ರುಚಿಯಾಗಿ ಮಾಡಿ ಹಾಕ್ತಿರಬೇಕು, ನಮ್ಮದು ಸೇರ್ತಿಲ್ಲ" ಎಂದು ಶರ್ಮಿಳಾ ಮುಖ ಊದಿಸಿಕೊಂಡಿದ್ದಳು. ಎಂಟು ದಿನ ಒಂದು ಜೀವ ಎರಡು ಮನೆಯ ನಡುವೆ ಉಪವಾಸ ಇತ್ತು.

ನಿನ್ನ ಕಾಗದ ಕೈಗೆ ಬಂದ ಅರ್ಧ ಗಂಟೆಗೆ ಜೀಪಿನಲ್ಲಿ ಹಾಕಿಕೊಂಡು ಕುಶಾಲನಗರಕ್ಕೆ ಹೋದೆ. ಪಶುವೈದ್ಯರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕೈ ಮೆತ್ತಗೆ. ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಿದರು. ಇವತ್ತು ಬೆಳಿಗ್ಗೆ ಫೋನ್ ಮಾಡಿ ಹೇಳಿದರು. ಎರಡೂ ಕಿಡ್ನಿ ಬಹುತೇಕ ಹೋಗಿವೆ.

ವಯಸ್ಸಾಯಿತು, ಹನ್ನೆರಡು ವರ್ಷ, ಅದಕ್ಕೇ ಹೀಗಾಯಿತೇ ಎಂದು ಕೇಳಿದೆ. ಅವರು ಮಾತ್ರೆಯ ವಿಷಯ ಎತ್ತಿದರು. ಮೇ ತಿಂಗಳಲ್ಲಿ ಶುಂಠಿ ಹೊಲದ ಪಟ್ಟೆಗಳ ನಡುವಿನ ಕಾಲುವೆಗೆ ಬಿದ್ದು ಆಕೆಯ ಹಿಂಗಾಲು ಕುಂಟುತ್ತಿತ್ತು. ಆಗ ಅವರೇ ನೋವಿಗೆ ಮಾತ್ರೆ ಬರೆದುಕೊಟ್ಟಿದ್ದರು, ದಿನಕ್ಕೆ ಅರ್ಧ. ನಾನು ಬಾಳೆಹಣ್ಣಿನಲ್ಲಿ ಇಟ್ಟು ಕೊಡುತ್ತಿದ್ದೆ. "ಅರ್ಧಕ್ಕಿಂತ ಜಾಸ್ತಿ ಏನಾದ್ರೂ ಕೊಟ್ರಾ? ಬೇರೆ ಯಾರಾದ್ರೂ ಕೊಡ್ತಿದ್ರಾ?" ಎಂದು ಎರಡು ಸಲ ಕೇಳಿದರು. "ನಮ್ಮನೇಲಿ ನಾನೊಬ್ನೇ ಕಣಮ್ಮ ಕೊಡದು, ಅಳತೆ ತಪ್ಪಿಲ್ಲ" ಎಂದೆ. ಆ ಅಳತೆಗೆ ಇಷ್ಟು ಹಾಳಾಗಬಾರದು, ಕೆಲವು ನಾಯಿಗೆ ಒಗ್ಗುವುದಿಲ್ಲವೇನೋ ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು ಎಂದು ನನಗೆ ಗೊತ್ತು. ಕೊಟ್ಟದ್ದು ನನ್ನ ಕೈ.

ಮೊಟ್ಟೆಯ ಮಾತು ನಿಜ. ವಾರಕ್ಕೆ ಎರಡು, ಹಿತ್ತಿಲಲ್ಲಿ. ಅಡುಗೆಮನೆಗೆ ತಂದಿಲ್ಲ.

ಇಂತಿ,
ಚಿದಾನಂದ


ಶಿರಂಗಾಲ
8 ಜುಲೈ 2024

ಚಿದಾನಂದನಿಗೆ,

ಕಾಗದ ತಲುಪಿತು. ಆ ಮಾತ್ರೆಯ ಬಣ್ಣ ಯಾವುದು? ನಡುವೆ ಗೆರೆ ಇದೆಯೇ? ಮಾತ್ರೆಯ ತಗಡಿನ ಹಾಳೆಯ ಹಿಂದೆ ಬರೆದದ್ದನ್ನು ಹಾಗೆಯೇ ನೋಡಿ ಬರೆದು ಕಳುಹಿಸು. ಯಾವತ್ತಿನಿಂದ ಯಾವತ್ತಿನವರೆಗೆ ಕೊಟ್ಟೆ ಎಂಬುದನ್ನೂ ಬರೆ.

ಇಲ್ಲಿ ಉಪ್ಪಿಲ್ಲದ ಗಂಜಿ ಮಾಡಿಡುತ್ತಿದ್ದೇನೆ. ಎರಡು ಸಲ ನಾಲಿಗೆ ಹಾಕಿದಳು.

ಇಂತಿ,
ಸುಲೋಚನಮ್ಮ


ಶಿರಂಗಾಲ
13 ಜುಲೈ 2024

ಅಕ್ಕ,

ಇಷ್ಟು ದೊಡ್ಡ ಸಂಗತಿ ಬರೆದರೆ ನೀನು ಮಾತ್ರೆಯ ಬಣ್ಣ ಕೇಳುತ್ತೀಯ. ಹಳದಿ. ನಡುವೆ ಗೆರೆ. ಹಾಳೆಯ ಮೇಲಿನ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಒಳಗೆ ಇಟ್ಟಿದ್ದೇನೆ. ಮೇ ಇಪ್ಪತ್ತರಿಂದ ಜೂನ್ ಇಪ್ಪತ್ತೆರಡರವರೆಗೆ. ಹತ್ತು ದಿನ ಕೊಟ್ಟು ನಿಲ್ಲಿಸಿ ಎಂದಿದ್ದರು. ಕಾಲು ಸರಿಯಾಗುತ್ತಿದೆ, ಇನ್ನಷ್ಟು ಕೊಟ್ಟರೆ ಪೂರ್ತಿ ಓಡಾಡುತ್ತಾಳೆ ಎಂದು ನಾನೇ ಮುಂದುವರಿಸಿದೆ. ಇದನ್ನು ಡಾಕ್ಟರಮ್ಮನಿಗೂ ಹೇಳಿದೆ, ಮುಚ್ಚಿಡಲಿಲ್ಲ.

ಆರು ದಿನ ಡ್ರಿಪ್ ಹಾಕಿಸಿದೆ. ಬೆಳಿಗ್ಗೆ ಕರೆದುಕೊಂಡು ಹೋಗುವುದು, ಮಧ್ಯಾಹ್ನ ಕರೆದುಕೊಂಡು ಬರುವುದು. ಜೀಪಿನಲ್ಲಿ ತಲೆಯನ್ನು ಶರ್ಮಿಳಾಳ ತೊಡೆಯ ಮೇಲೆ ಇಟ್ಟುಕೊಂಡು ಮಲಗುತ್ತಾಳೆ. ಅವ್ವ ವಿರಾಜಪೇಟೆಯಿಂದ ಈ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದದ್ದು ನೆನಪಾಯಿತು. ಕುಂಯ್ ಎನ್ನುತ್ತಿರುವುದೇನು ಎಂದು ಕಂಡಕ್ಟರ್ ಕೇಳಿದ್ದಕ್ಕೆ "ಮೊಮ್ಮಗ ಕಣಪ್ಪ, ಟಿಕೆಟ್ ವಯಸ್ಸಾಗಿಲ್ಲ" ಎಂದಿದ್ದಳಂತೆ. ಈಗ ಆಕೆಯ ಬಾಯಿಂದ ಒಂದು ಥರ ವಾಸನೆ ಬರುತ್ತದೆ. ಕಣ್ಣು ಮಾತ್ರ ಅದೇ.

ಇವತ್ತು ಡಾಕ್ಟರಮ್ಮ ಡ್ರಿಪ್ ನಿಲ್ಲಿಸಿದರು. ಇನ್ನು ಪ್ರಯೋಜನವಿಲ್ಲ, ಮುಂದೆ ನೋವು ಹೆಚ್ಚಾಗುತ್ತದೆ, ಫಿಟ್ಸ್ ಬರಬಹುದು ಎಂದರು. "ಒಂದು ಇಂಜೆಕ್ಷನ್ ಇದೆ. ನಿದ್ದೆ ಬಂದ ಹಾಗೆ ಹೋಗ್ತಾಳೆ. ಮನೇಲಿ ಮಾತಾಡಿಕೊಂಡು ಹೇಳಿ, ತಡ ಮಾಡಬೇಡಿ" ಎಂದರು.

ಮನೆಯಲ್ಲಿ ಮಾತಾಡಿಕೊಂಡು ಎಂದರು, ಅಕ್ಕ.

ನಾನು ಹೇಳಲಾರೆ. ಒಂದು ಸಲ ಹೇಳಿದ್ದೇನೆ. ಮೈಸೂರಿನ ಆಸ್ಪತ್ರೆಯಲ್ಲಿ ಅವ್ವ ಹತ್ತೊಂಬತ್ತು ದಿನ ಮೂಗಿಗೆ ಬಾಯಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಳು. ಇನ್ನು ಯಂತ್ರ ಮಾತ್ರ ಉಸಿರಾಡುತ್ತಿರುವುದು, ತೆಗೆಯಬೇಕೋ ಬೇಡವೋ ಹೇಳಿ ಎಂದು ಡಾಕ್ಟರು ಕೇಳಿದಾಗ ನಾನು ಕಾರಿಡಾರಿನಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ನೀನು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅದು ನಿನಗೆ ಗೊತ್ತು. ನಾನು ಸಹಿ ಹಾಕಿದೆ. ಊರಿಗೆ ತರುವಾಗ, ಕುಶಾಲನಗರಕ್ಕೆ ಮುಂಚಿನ ಕೊಪ್ಪ ದಾಟುವ ಮೊದಲೇ ಆಂಬುಲೆನ್ಸಿನಲ್ಲಿ ಅವ್ವ ಹೋದಳು. ಹನ್ನೊಂದನೆಯ ದಿನ ಅಷ್ಟು ನೆಂಟರ ಮುಂದೆ, ಸಮಾಧಿಯ ಹತ್ತಿರ, ನೀನು ನನ್ನನ್ನು ಹೆತ್ತ ತಾಯಿಯನ್ನು ಕೊಂದವನು ಎಂದೆ.

ಕಾಳಿ ಅವ್ವನ ನಾಯಿ. ಮಾತ್ರೆ ಕೊಟ್ಟು ಕಿಡ್ನಿ ಹಾಳು ಮಾಡಿದವನೂ ನಾನೇ, ಸೂಜಿ ಹಾಕಿಸಿದವನೂ ನಾನೇ ಆಗಲಾರೆ. ಈ ಸಲ ನೀನು ಹೇಳು. ಹಾಕಿಸು ಎಂದರೆ ಹಾಕಿಸುತ್ತೇನೆ, ಬೇಡ ಎಂದರೆ ಬೇಡ. ಆದರೆ ನೀನು ಹೇಳಬೇಕು.

ಇಂತಿ,
ಚಿದಾನಂದ


(ಅಂಚೆಗೆ ಹಾಕದ್ದು)

ಶಿರಂಗಾಲ
16 ಜುಲೈ 2024, ಬೆಳಿಗ್ಗೆ

ಚಿದು,

ನಿನ್ನ ಚೀಟಿಯನ್ನೂ ನನ್ನ ಕಪಾಟಿನಲ್ಲಿದ್ದ ಖಾಲಿ ಮಾತ್ರೆ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಒಂದೇ ಹೆಸರು. ಅದೇ ಹಳದಿ, ಅದೇ ಗೆರೆ.

ಮೇ ತಿಂಗಳಲ್ಲಿ ಹಾಲಿನ ಡೈರಿಯ ಅಂಗಳದಲ್ಲಿ ದನಗಳ ಆರೋಗ್ಯ ಶಿಬಿರ ಇಟ್ಟಿದ್ದರು. ಕಾಳಿ ಕುಂಟುವುದನ್ನು ನೋಡಲಾಗದೆ ನಾನೂ ಆಕೆಗೆ ಸರಪಳಿ ಹಾಕಿ ಕರೆದುಕೊಂಡು ಹೋಗಿದ್ದೆ. ಹೊರಗಿನಿಂದ ಬಂದಿದ್ದ ಡಾಕ್ಟರು ನೋಡಿ ಬರೆದುಕೊಟ್ಟರು. "ಬೇರೆ ಔಷಧ ಏನಾದ್ರೂ ನಡೀತಿದೆಯಾ ಅಮ್ಮ?" ಎಂದು ಅವರೂ ಕೇಳಿದರು. "ಇಲ್ಲ, ನೋಡ್ಕೊಳ್ಳೋಳು ನಾನೊಬ್ಳೇ" ಎಂದೆ. ಹಾಗೆ ಹೇಳುವಾಗ ನನಗೆ ಒಂದು ಬಗೆಯ ಹೆಮ್ಮೆ ಇತ್ತು. ನಿನಗೆ ನಾಯಿಯ ಕುಂಟು ಕಣ್ಣಿಗೆ ಬಿದ್ದಿಲ್ಲ, ನನಗೆ ಮಾತ್ರ ಬಿದ್ದಿದೆ ಎಂದುಕೊಂಡಿದ್ದೆ.

ದಿನವೂ ಸಂಜೆ ಬೆಲ್ಲದ ಉಂಡೆಯಲ್ಲಿ ಇಟ್ಟು ಕೊಟ್ಟೆ. ನಾನೂ ಹತ್ತು ದಿನಕ್ಕೆ ನಿಲ್ಲಿಸಲಿಲ್ಲ. ಬೆಳಿಗ್ಗೆ ನಿನ್ನಲ್ಲಿ ಬಾಳೆಹಣ್ಣು ತಿಂದವಳು ಸಂಜೆ ನನ್ನಲ್ಲಿ ಬೆಲ್ಲ ತಿಂದಳು. ಎರಡನ್ನೂ ಬಾಲ ಆಡಿಸಿಕೊಂಡೇ ತಿಂದಳು. ಒಂದು ದಿನ ಬೇಲಿಯ ಆಚೆ ನೀನು ಬಾಳೆಹಣ್ಣು ಸುಲಿದು ಕೂತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ನಾಯಿಗೆ ಹಣ್ಣು ತಿನ್ನಿಸಿ ಮುದ್ದು ಮಾಡುತ್ತಿದ್ದಾನೆ ಎಂದು ಕಿಟಕಿ ಹಾಕಿಕೊಂಡೆ. ಅದರಲ್ಲಿ ಏನಿಟ್ಟೆ ಎಂದು ಕೇಳಲು ನನಗೆ ಬಾಯಿ ಇರಲಿಲ್ಲ. ಆ ಬಾಯನ್ನು ನಾನೇ ಕರ್ಪೂರದ ಮೇಲೆ ಮುಚ್ಚಿಕೊಂಡಿದ್ದೆ.

ಅವತ್ತು ಫೋನಿನಲ್ಲಿ ನಾನು ಹೇಳಿದ್ದು ನನಗೆ ಮರೆತಿಲ್ಲ. "ನಿನಗೆ ತಿಳಿದ ಹಾಗೆ ಮಾಡು" ಎಂದೆ. ಬೇಡ ಎನ್ನಲು ಅವ್ವನ ನೋವು ಅಡ್ಡ ಬಂತು, ಮಾಡು ಎನ್ನಲು ಧೈರ್ಯ ಇರಲಿಲ್ಲ. ನಿನ್ನ ತಲೆಗೆ ಕಟ್ಟಿ ಫೋನ್ ಇಟ್ಟೆ. ಆಮೇಲೆ ಅವ್ವ ಹೋದ ಸಂಕಟವನ್ನೂ ನಿನ್ನ ಮೇಲೆಯೇ ಹಾಕಿದೆ. ಜನ ನನ್ನನ್ನು ಸಮಾಧಾನ ಮಾಡಿದರು. ನೀನು ಒಬ್ಬನೇ ಮಳೆಯಲ್ಲಿ ನಿಂತಿದ್ದೆ. ಆ ಫೋನಿನ ಮಾತನ್ನು ನೀನು ಅಲ್ಲಿ ಯಾರಿಗೂ ಹೇಳಲಿಲ್ಲ.

ಇದನ್ನು ಕಳುಹಿಸಿದರೆ ನನಗೆ ನಿನ್ನ ಮುಂದೆ ಏನೂ ಉಳಿಯುವುದಿಲ್ಲ.


ಶಿರಂಗಾಲ
16 ಜುಲೈ 2024

ಚಿದಾನಂದನಿಗೆ,

ನಿನಗೆ ತಿಳಿದ ಹಾಗೆ ಮಾಡು.

ಇಂತಿ,
ಸುಲೋಚನಮ್ಮ


ಶಿರಂಗಾಲ
20 ಜುಲೈ 2024

ಅಕ್ಕ,

ಅದೇ ಮಾತು. ಒಂದು ಅಕ್ಷರ ಆಚೆ ಈಚೆ ಇಲ್ಲ. ಅವತ್ತು ಕಿವಿಯಲ್ಲಿ ಕೇಳಿದ್ದನ್ನು ಈ ಸಲ ನಿನ್ನ ಕೈಬರಹದಲ್ಲಿ, ಸ್ಟಾಂಪ್ ಹಚ್ಚಿ ಕಳುಹಿಸಿದ್ದೀಯ. ಮೂವತ್ತೊಂದು ವರ್ಷ ಊರಿನವರ ಕಾಗದವನ್ನೆಲ್ಲ ಸರಿಯಾದ ವಿಳಾಸಕ್ಕೆ ಮುಟ್ಟಿಸಿದವಳು ನಿನ್ನ ಪಾಲಿನದನ್ನು ಯಾವಾಗಲೂ ನನ್ನ ಬಾಗಿಲಿಗೆ ಕಳುಹಿಸುತ್ತೀಯ. ನನಗೆ ನಿನ್ನ ಮೇಲೆ ಎರಡು ವರ್ಷದಲ್ಲಿ ಇಷ್ಟು ಸಿಟ್ಟು ಬಂದಿರಲಿಲ್ಲ.

ನನಗೆ ತಿಳಿದದ್ದು ಏನೂ ಇಲ್ಲ. ನಾನು ಏನೂ ಮಾಡುವುದಿಲ್ಲ. ಡಾಕ್ಟರಮ್ಮ ದಿನವೂ ಫೋನ್ ಮಾಡುತ್ತಾರೆ, ನಾಳೆ ಹೇಳುತ್ತೇನೆ ಎನ್ನುತ್ತೇನೆ.

ಕಾಳಿ ಮೊನ್ನೆಯಿಂದ ಬೇಲಿಯ ಕಿಂಡಿಯಲ್ಲೇ ಮಲಗಿದ್ದಾಳೆ. ನಿನ್ನಲ್ಲಿಗೆ ಹೊರಟಿದ್ದಳೋ ನನ್ನಲ್ಲಿಗೆ ಬರುತ್ತಿದ್ದಳೋ ಗೊತ್ತಿಲ್ಲ, ಅರ್ಧಕ್ಕೆ ಕಾಲು ಸೋತಿದೆ. ತಲೆ ನಿನ್ನ ಕಡೆ, ಹಿಂಗಾಲು ನನ್ನ ಕಡೆ. ಎತ್ತಿಕೊಂಡು ಬರಲು ಹೋದರೆ ನರಳುತ್ತಾಳೆ. ಮಳೆ ಹನಿ ಕಡಿಯುತ್ತಿಲ್ಲ. ನಾನು ಹಿಂದಿನ ಭಾಗಕ್ಕೆ ಟಾರ್ಪಾಲ್ ಕಟ್ಟಿ ಒಳಗೆ ಬಂದೆ. ಬೆಳಿಗ್ಗೆ ನೋಡಿದರೆ ತಲೆಯ ಮೇಲೆ ನಿನ್ನ ಕಪ್ಪು ಕೊಡೆ ಇತ್ತು, ಹಿಡಿಯನ್ನು ನೀನು ಬೇಲಿಯ ಗೂಟಕ್ಕೆ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದೆ. ನೀನು ಆ ಕಡೆ ಮಣೆ ಹಾಕಿಕೊಂಡು ಕೂತಿದ್ದೂ ಕಂಡಿತು. ನಾನೂ ಈ ಕಡೆ ಕೂತೆ. ಎಷ್ಟು ಹೊತ್ತು ಕೂತೆವೋ. ಎಲೆಗಳ ಸಂದಿಯಲ್ಲಿ ನಿನ್ನ ಬಿಳಿ ತಲೆ ಕಾಣುತ್ತಿತ್ತು. ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನೆ ಸಂಜೆ ಒಂದು ಸಲ ಮೈಯೆಲ್ಲ ಸೆಟೆದು ಅಲುಗಿದಳು. ನಾವಿಬ್ಬರೂ ಒಟ್ಟಿಗೆ ಕೈ ಚಾಚಿದೆವು, ಒಟ್ಟಿಗೆ ಹಿಂದಕ್ಕೆ ತೆಗೆದುಕೊಂಡೆವು. ಆಣೆಗೆ ಹೆದರಿ. ನಾಚಿಕೆಯಾಯಿತು ನನಗೆ. ನಿನಗೆ ಆಯಿತೋ ಇಲ್ಲವೋ ತಿಳಿಯದು.

ಈ ಕಾಗದ ನಿನ್ನ ಕೈ ಸೇರುವುದರೊಳಗೆ ಆಕೆ ಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಯಾರೂ ತೀರ್ಮಾನ ಮಾಡಬೇಕಾಗದ ಹಾಗೆ.

ಚಿದಾನಂದ


ಶಿರಂಗಾಲ
29 ಜುಲೈ 2024

ಚಿದು,

ಇದರ ಜೊತೆ ಹದಿನಾರನೆಯ ತಾರೀಖಿನ ಒಂದು ಕಾಗದ ಇಟ್ಟಿದ್ದೇನೆ. ಅವತ್ತು ಬರೆದು ತಗಡಿನ ಪೆಟ್ಟಿಗೆಯಲ್ಲಿ ಹಾಕಿದ್ದೆ. ಮೊದಲು ಇದನ್ನು ಓದು, ಆಮೇಲೆ ಅದನ್ನು.

ನಿನ್ನ ಇಪ್ಪತ್ತರ ಕಾಗದವನ್ನು ಮಂಗಳವಾರ ಬೆಳಿಗ್ಗೆ ರೇವಣ್ಣ ತಂದ. ಕೊಡುವಾಗ ಈ ಸಲ ಅವನು ನಗಲಿಲ್ಲ. "ಅಕ್ಕ, ಇಷ್ಟ್ ದೂರಕೆ ಮೂರ್ ದಿನ ಆಯ್ತು. ಪಾಪ ಅದ್ಕೆ ಮೂರ್ ದಿನ ಎಲ್ಲೈತೆ" ಎಂದು ಬೇಲಿಯ ಕಡೆ ನೋಡಿದ. ಅಲ್ಲೇ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಆಕೆಗೆ ಎರಡನೆಯ ಸಲ ಫಿಟ್ಸ್ ಬಂತು.

ಡೈರಿಯವರಿಂದ ನಂಬರ್ ತೆಗೆದುಕೊಂಡು ಡಾಕ್ಟರಮ್ಮನಿಗೆ ಫೋನ್ ಮಾಡಿದವಳು ನಾನೇ. ನೀನು ಕರೆಸಿದೆ ಎಂದು ಶರ್ಮಿಳಾ ತಿಳಿದುಕೊಂಡಿರಬಹುದು, ಅವರೇ ಬಂದರು ಎಂದು ನೀನು. "ಮಾಲೀಕರು ಯಾರು? ಸಹಿ ಬೇಕು" ಎಂದು ಅವರು ಕೇಳಿದರು. ನಿನ್ನ ಗುರುತು ಇತ್ತೆಂದು ಅವರು ಕಾಗದವನ್ನು ನಿನ್ನ ಕೈಗೆ ಕೊಟ್ಟರು. ನೀನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಮೈಸೂರಿನ ಆ ಕಾರಿಡಾರಿನಲ್ಲೂ ಹೀಗೇ ಮಾಡಿರಬೇಕು, ನೋಡಲು ನಾನು ಅಲ್ಲಿರಲಿಲ್ಲ.

ನಾನು ಬೇಲಿಯ ಮೇಲೆ ಕೈ ಚಾಚಿ ಆ ಕಾಗದವನ್ನು ನಿನ್ನ ಕೈಯಿಂದ ತೆಗೆದುಕೊಂಡೆ. ಆಣೆ ಅಲ್ಲಿಗೆ ಮುರಿಯಿತು. ಸಹಿ ನನ್ನದು, ಪೂರ್ತಿ ಹೆಸರು, ಪೋಸ್ಟಿನಲ್ಲಿ ಹಾಕುತ್ತಿದ್ದ ಹಾಗೆ. ಆಮೇಲೆ ಡಾಕ್ಟರಮ್ಮನಿಗೆ ಹೇಳಿದ್ದನ್ನು ನೀನು ಕೇಳಿಸಿಕೊಂಡೆ: "ಮಾತ್ರೆ ನಾನೂ ಕೊಡ್ತಿದ್ದೆ ಕಣಮ್ಮ, ದಿನಾ ಸಂಜೆ. ಅವನಿಗೆ ಗೊತ್ತಿಲ್ಲ." ಆ ಹುಡುಗಿ ನಿನ್ನನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಎರಡೂ ಮನೇಲಾ?" ಎಂದಳು. ಅಷ್ಟೇ.

ಸೂಜಿ ಹಾಕುವಾಗ ಕಾಳಿಯ ಗಲ್ಲ ನನ್ನ ಅಂಗೈಯಲ್ಲಿತ್ತು. ನೀನು ಹಿಂಗಾಲು ಹಿಡಿದಿದ್ದೆ, ಆ ಕುಂಟು ಕಾಲು. ಬಾಲ ನಿನ್ನ ಕಡೆ ಇತ್ತಲ್ಲ, ಕೊನೆಗೆ ಅದು ಆಡಿತೋ ಇಲ್ಲವೋ ನನಗೆ ಕಾಣಲಿಲ್ಲ. ಉಸಿರು ನಿಂತದ್ದು ಮಾತ್ರ ಕೈಗೆ ತಿಳಿಯಿತು. ಅವ್ವನ ಉಸಿರು ನಿಂತಾಗ ಹೀಗೆ ಒಂದು ಕೈ ಅವಳ ಗಲ್ಲದ ಕೆಳಗೆ ಇತ್ತೇ ಎಂದು ನಾನು ನಿನ್ನನ್ನು ಯಾವತ್ತೂ ಕೇಳಲಿಲ್ಲ. ಇತ್ತು ಎಂದು ಈಗ ಗೊತ್ತಾಗುತ್ತದೆ. ಅದು ನಿನ್ನ ಕೈ.

ಆಕೆ ಮಲಗಿದ ಕಿಂಡಿಯಲ್ಲೇ ಗುಂಡಿ ತೆಗೆದೆವು. ನೀನು ಆ ಕಡೆಯಿಂದ ಗುದ್ದಲಿಯಲ್ಲಿ, ನಾನು ಈ ಕಡೆಯಿಂದ ಹಾರೆಯಲ್ಲಿ. ನಡುವಿನ ಮಣ್ಣು ಕುಸಿದು ಎರಡು ಗುಂಡಿ ಒಂದಾಯಿತು. ನೀನು ಮಣ್ಣು ಮುಚ್ಚಿ ಎದ್ದು ಹೋದೆ, ತಿರುಗಿ ನೋಡಲಿಲ್ಲ.

ಒಳಗಿನ ಕಾಗದವನ್ನು ಓದಿದ ಮೇಲೆ ನಿನಗೆ ಏನು ಅನ್ನಿಸುತ್ತದೋ ಅದನ್ನು ಬರೆ. ಏನೂ ಬರೆಯದಿದ್ದರೂ ಅರ್ಥವಾಗುತ್ತದೆ.

ಅಕ್ಕ


ಶಿರಂಗಾಲ
9 ಆಗಸ್ಟ್ 2024

ಅಕ್ಕ,

ಎರಡನ್ನೂ ಓದಿದೆ. ಒಂದು ವಾರ ನಿನ್ನ ಮನೆಯ ಕಡೆ ಮುಖ ಹಾಕಲಿಲ್ಲ. ಶರ್ಮಿಳಾ "ಅತ್ತಿಗೆ ಒಲೆ ಹಚ್ಚಿಲ್ಲ ಅನ್ಸುತ್ತೆ, ಹೊಗೆ ಕಾಣ್ತಿಲ್ಲ" ಎಂದಳು. ಅದಕ್ಕೂ ನಾನು ಏಳಲಿಲ್ಲ. ನೀನು ಗ್ಯಾಸಿನಲ್ಲಿ ಮಾಡಿಕೊಂಡಿರುತ್ತೀಯ ಎಂದೆ.

ಮಾತ್ರೆಯ ಸಿಟ್ಟು ನನಗೆ ಹೆಚ್ಚು ದಿನ ಉಳಿಯಲಿಲ್ಲ. ನೀನೂ ಕುಂಟು ಕಂಡು ಕೊಟ್ಟೆ, ನಾನೂ ಕುಂಟು ಕಂಡು ಕೊಟ್ಟೆ. ಇಬ್ಬರಲ್ಲಿ ಒಬ್ಬರು ಬೇಲಿಯ ಮೇಲೆ ಒಂದು ಮಾತು ಕೇಳಿದ್ದರೆ ಆಕೆ ಈಗ ಈ ಮಳೆಯಲ್ಲಿ ಜಗಲಿಯ ಮೇಲೆ ಮಲಗಿರುತ್ತಿದ್ದಳು. ಅದರಲ್ಲಿ ನನ್ನದೂ ಅರ್ಧ. ನಾನೂ ಕರ್ಪೂರ ಹಚ್ಚಿದವನೇ.

ನೀನು ಸಹಿ ಹಾಕಿದ್ದು ನನಗೆ ಎಷ್ಟು ದೊಡ್ಡದು ಎಂದು ಬರೆಯಲು ಬರುವುದಿಲ್ಲ. ಬಾಲ ಆಡಿತು, ಅಕ್ಕ. ಎರಡು ಸಲ. ನೀನು ಕೇಳಿದ್ದಕ್ಕೆ ಹೇಳುತ್ತಿದ್ದೇನೆ.

ಆದರೆ ಇವತ್ತು ನಾಗರ ಪಂಚಮಿ. ಮೊದಲೆಲ್ಲ ನೀನು ಹಾಲು ಹೂವು ತಂದು ನನ್ನ ಬೆನ್ನು ತೊಳೆಯುತ್ತಿದ್ದೆ, ತಣ್ಣಗಿದೆ ಎಂದು ನಾನು ನೆಗೆದಾಡುತ್ತಿದ್ದೆ. ಇವತ್ತು ಬೆಳಿಗ್ಗೆ ನೀನು ಹಾಲಿನ ಲೋಟ ಹಿಡಿದು ಬೇಲಿಯ ತನಕ ಬಂದು ನಿಂತಿದ್ದನ್ನು ನೋಡಿದೆ. ನಾನು ಒಳಗೇ ಇದ್ದೆ. ಬರಲಾಗಲಿಲ್ಲ.

ಯಾಕೆಂದು ಹೇಳಿಬಿಡುತ್ತೇನೆ. ನೀನು ತಪ್ಪು ಒಪ್ಪಿಕೊಂಡದ್ದು ನನಗೊಬ್ಬನಿಗೆ, ಅಂಟು ಹಚ್ಚಿದ ಕವರಿನೊಳಗೆ. ನನ್ನನ್ನು ಕೊಲೆಗಾರ ಎಂದದ್ದು ಕವರಿನಲ್ಲಿ ಅಲ್ಲ. ಚೆಟ್ಟಳ್ಳಿಯ ಮಾವನ ಮುಂದೆ, ನಾಲ್ಕು ಊರಿನ ನೆಂಟರ ಮುಂದೆ. ಈಗಲೂ ನಾನು ಮದುವೆಗೆ ಹೋದರೆ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಕೊನೆಗೆ ತುಂಬುತ್ತದೆ. ಶರ್ಮಿಳಾಳಿಗೆ ಅದು ಗೊತ್ತು, ನಿನಗೆ ಗೊತ್ತಿಲ್ಲ. ಆ ಮಾತು ಇನ್ನೂ ಅವರೆಲ್ಲರ ಮನೆಯಲ್ಲಿ ಇದೆ. ಅದನ್ನು ಅಲ್ಲಿಂದ ಹೇಗೆ ವಾಪಸು ತರುತ್ತೀಯೋ ನನಗೆ ತಿಳಿಯದು. ತರುವ ತನಕ ಬೆನ್ನು ಕೊಡಲು ನನ್ನಿಂದಾಗದು.

ಕಾಳಿಯ ಮೇಲೆ ಹಾಕಿದ ಮಣ್ಣು ಮಳೆಗೆ ಕುಸಿದಿತ್ತು. ನನ್ನ ಕಡೆಯಿಂದ ಎರಡು ಬುಟ್ಟಿ ಹಾಕಿದ್ದೇನೆ.

ನಿನ್ನ ತಮ್ಮ,
ಚಿದು


ಶಿರಂಗಾಲ
16 ಆಗಸ್ಟ್ 2024

"ಮಾನ್ಯರೇ, ಇದೇ ಹತ್ತೊಂಬತ್ತರ ಸೋಮವಾರ ನಮ್ಮ ಅವ್ವನ ಎರಡನೆಯ ವರ್ಷದ ಪೂಜೆ ಇದೆ, ಬರಬೇಕು. ಅವ್ವನ ಹನ್ನೊಂದನೆಯ ದಿನ ತಾವೂ ಸಮಾಧಿಯ ಹತ್ತಿರ ಇದ್ದಿರಿ. ಅಂದು ನಾನು ನನ್ನ ತಮ್ಮ ಚಿದಾನಂದನಿಗೆ ಆಡಿದ ಮಾತು ಸುಳ್ಳು. ಯಂತ್ರ ತೆಗೆಸುವ ಮೊದಲು ಅವನು ನನಗೆ ಫೋನ್ ಮಾಡಿ ಕೇಳಿದ್ದ. ನಿನಗೆ ತಿಳಿದ ಹಾಗೆ ಮಾಡು ಎಂದವಳು ನಾನು. ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. — ಸುಲೋಚನಮ್ಮ, ನಿವೃತ್ತ ಪೋಸ್ಟ್ ಮಾಸ್ಟರ್."

ಚಿದು,

ಮೇಲಿನ ಒಕ್ಕಣೆಯನ್ನು ಮೂವತ್ತೆಂಟು ಕಾರ್ಡಿಗೆ ಬರೆದು ಮಂಗಳವಾರವೇ ಅಂಚೆಗೆ ಹಾಕಿದೆ. ಅಂದು ನಿಂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ಬರೆದೆ, ಚೆಟ್ಟಳ್ಳಿಯ ಮಾವನದು ಮೊದಲನೆಯದು. ಕವರಿಗೆ ಹಾಕಲಿಲ್ಲ, ಕಾರ್ಡಿನಲ್ಲೇ ಬರೆದೆ. ಕಾರ್ಡನ್ನು ದಾರಿಯಲ್ಲಿ ಎಲ್ಲರೂ ಓದುತ್ತಾರೆ, ನಾನೂ ಮೂವತ್ತೊಂದು ವರ್ಷ ಊರಿನವರ ಕಾರ್ಡನ್ನೆಲ್ಲ ಓದಿದವಳೇ. ರೇವಣ್ಣ ಕೌಂಟರಿನಲ್ಲೇ ಓದಿದ. ಒಂದಾದ ಮೇಲೆ ಒಂದು, ಎಲ್ಲದರಲ್ಲೂ ಅದೇ ಇದೆಯೇ ಎಂದು ನೋಡಿದ. ಆಮೇಲೆ ಒಂದೊಂದಕ್ಕೂ ನಿಧಾನವಾಗಿ ಮುದ್ರೆ ಒತ್ತಿದ.

ಕಾಳಿಗೆ ನನ್ನ ಕಡೆಯಿಂದಲೂ ಎರಡು ಬುಟ್ಟಿ ಮಣ್ಣು ಹಾಕಿದೆ.

ಮೂವತ್ತೊಂಬತ್ತನೆಯ ಕಾರ್ಡ್ ಇದು, ಅಕ್ಷರ ಸಣ್ಣದು ಮಾಡಿ ಎರಡೂ ಬದಿ ತುಂಬಿಸಿದ್ದೇನೆ. ಇದಕ್ಕೆ ಮುದ್ರೆ ಇಲ್ಲ, ರೇವಣ್ಣ ತರುವುದಿಲ್ಲ. ಶರ್ಮಿಳಾಳನ್ನು ಕೂಗಿ ನಿನಗೆ ಹೇಳಿಕಳುಹಿಸಿದ್ದೇನೆ. ಗುಂಡಿಯ ಈ ಕಡೆ ನಿಂತಿರುತ್ತೇನೆ, ಬಂದು ನನ್ನ ಕೈಯಿಂದ ತೆಗೆದುಕೊ.

ಅಕ್ಕ